ಅಂಗೈಯಗಲದ ಅಂಗಡಿ, ತೋಟದೊಳಗಿನ ಕೋಠಿ

ಹೈದರಾಬಾದಿನ ಕೋಠಿಗೆ ಹೋಗಿ ಹಳೆಯ ಬ್ರಿಟಿಷ್ ರೆಸಿಡೆನ್ಸಿಯನ್ನು ನೋಡುವವರು ಸಾಮಾನ್ಯವಾಗಿ ಮುಂಭಾಗದ ಎತ್ತರದ ಕಂಬಸಾಲನ್ನೂ ಮೆಟ್ಟಿಲುಗಳ ಇಕ್ಕೆಲದ ಸಿಂಹಗಳನ್ನೂ ನೋಡಿ ಮರಳುತ್ತಾರೆ. ಒಂದು ಕಾಲಕ್ಕೆ ಜನಾನಾ ತೋಟವಾಗಿದ್ದ ಹಿಂಬದಿಯ ಜಾಗದಲ್ಲಿ ಇನ್ನೊಂದು ರೆಸಿಡೆನ್ಸಿ ಇದೆ. ಅದೇ ಕಂಬಗಳು, ಅದೇ ಮುಖಮಂಟಪ, ಆದರೆ ತೀರ ಸಣ್ಣದು. ಗಾರೆಯಲ್ಲಿ ಕಟ್ಟಿದ ಈ ಕಿರುಮಾದರಿ ಯಾಕಾಗಿ ಅಲ್ಲಿ ನಿಂತಿತು ಎಂಬ ಪ್ರಶ್ನೆಗೆ ಇನ್ನೂರು ವರ್ಷಗಳ ನಂತರವೂ ಒಮ್ಮತದ ಉತ್ತರವಿಲ್ಲ.

ಇಂಗ್ಲೆಂಡಿನ ಸಾವಿರಾರು ಮನೆಗಳ ಗೋಡೆ, ಕಪಾಟುಗಳಲ್ಲಿ ಇನ್ನೊಂದು ಬಗೆಯ ಕಿರುಮಾದರಿಗಳಿವೆ. ಹಳ್ಳಿಯ ಬೇಕರಿ, ಔಷಧದಂಗಡಿ, ಪುಸ್ತಕದಂಗಡಿ, ಟಪಾಲು ಕಚೇರಿ, ಎಲ್ಲವೂ ಮಣ್ಣಿನಲ್ಲಿ ಅಚ್ಚು ತೆಗೆದು, ಸುಟ್ಟು, ಕೈಯಿಂದ ಬಣ್ಣ ಬಳಿದವು. ಕೋಠಿಯ ಗಾರೆ ಮಾದರಿಗೂ ಸಂಗ್ರಹಕಾರರು ದುಡ್ಡು ಕೊಟ್ಟು ಕೂಡಿಸುವ ಈ ಪಿಂಗಾಣಿ ಅಂಗಡಿಗಳಿಗೂ ನೇರ ನಂಟಿಲ್ಲ. ಆದರೆ ಎರಡೂ ನಮ್ಮ ಮುಂದಿಡುವ ಪ್ರಶ್ನೆ ಒಂದೇ. ನಿಜವಾದ ಕಟ್ಟಡ ಕಣ್ಣೆದುರಿಗಿರುವಾಗ, ಅಥವಾ ಒಂದು ಕಾಲಕ್ಕೆ ಇದ್ದಾಗ, ಅದರ ಸಣ್ಣ ರೂಪವೊಂದನ್ನು ಮಾಡಿಕೊಳ್ಳುವುದು ಯಾಕೆ? ಆಟಕ್ಕೋ, ನೆನಪಿಗೋ, ದಾಖಲೆಗೋ, ವ್ಯಾಪಾರಕ್ಕೋ? ಈ ಬಗ್ಗೆ ಈವರೆಗೆ ನಡೆದಿರುವ ಚರ್ಚೆಯನ್ನು ಇಲ್ಲಿ ಒಟ್ಟಾಗಿ ನೋಡಬಹುದು.

ಕೋಠಿಯ ಮಾದರಿಗೆ ಮೂರು ವಿವರಣೆ

ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ 1798ರಿಂದ 1805ರವರೆಗೆ ಹೈದರಾಬಾದಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್. ನಗರದ ಪ್ರತಿಷ್ಠಿತ ಮನೆತನದ ಖೈರುನ್ನಿಸಾಳನ್ನು ಮದುವೆಯಾಗಿ ಕಂಪನಿಯ ಮೇಲಧಿಕಾರಿಗಳ ಕೋಪಕ್ಕೆ ಗುರಿಯಾದವನು. ಮದ್ರಾಸ್ ಎಂಜಿನಿಯರ್ಸ್ ಪಡೆಯ ಸ್ಯಾಮ್ಯುಯೆಲ್ ರಸೆಲ್ ವಿನ್ಯಾಸದಂತೆ 1803ರ ಸುಮಾರಿಗೆ ಹೊಸ ಮಹಲಿನ ಕೆಲಸ ಶುರುವಾಯಿತು. ಖರ್ಚು ನಿಜಾಮರದು.

ಈ ಮಹಲಿನ ಕಥೆ ಆರಂಭವಾಗುವುದೇ ಅಳತೆ ಕುಗ್ಗಿಸುವ ಪ್ರಸಂಗದಿಂದ. ಕರ್ಕ್‌ಪ್ಯಾಟ್ರಿಕ್ ಮೊದಲು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆಸಿ ದರ್ಬಾರಿಗೆ ಒಯ್ದನಂತೆ. ನಿಜಾಮ್ ಅಲಿ ಖಾನ್ ಒಪ್ಪಲಿಲ್ಲ. ಕಾರಣ ತಿಳಿಯದೆ ಮಂತ್ರಿಯನ್ನು ವಿಚಾರಿಸಿದಾಗ, ನಿಮ್ಮ ನಕ್ಷೆ ಇಡೀ ರಾಜ್ಯದ ನಕ್ಷೆಯಷ್ಟು ದೊಡ್ಡದಿತ್ತು, ಸಣ್ಣದಾಗಿ ಬರೆಸಿ ತನ್ನಿ ಎಂಬ ಸಲಹೆ ಬಂತು. ಅಂಗೈಯಗಲದ ಕಾಗದದ ಮೇಲೆ ಅದೇ ನಕ್ಷೆ ಬಂದಾಗ ಒಪ್ಪಿಗೆಯೂ ಸಿಕ್ಕಿತು. ಬ್ರಿಟಿಷ್ ಅಧಿಕಾರಿಗಳು ಇದನ್ನು ನಿಜಾಮರ ಮುಗ್ಧತೆಯ ಕಥೆಯೆಂದು ಹೇಳಿಕೊಂಡು ನಗುತ್ತಿದ್ದರು. ನನಗೆ ಹಾಗನ್ನಿಸುವುದಿಲ್ಲ. ದೊಡ್ಡ ನಕ್ಷೆಯಲ್ಲಿ ಆ ಮುದುಕ ದೊರೆಗೆ ಕಂಡ ಆತಂಕ ಮುಂದಿನ ನೂರೈವತ್ತು ವರ್ಷಗಳಲ್ಲಿ ನಿಜವೇ ಆಯಿತು. ಸಣ್ಣದಾಗಿಸಿದ ರೂಪ ಭಯವನ್ನು ಕಳೆಯುತ್ತದೆ ಎಂಬುದು ಮಂತ್ರಿಗೆ ಚೆನ್ನಾಗಿ ಗೊತ್ತಿತ್ತು.

ತೋಟದ ಮಾದರಿಯ ಬಗ್ಗೆ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಚಾಲ್ತಿಯಲ್ಲಿರುವುದು ಪ್ರೇಮದ ಕಥೆ. ಖೈರುನ್ನಿಸಾ ಗೋಷಾ ಪಾಲಿಸುತ್ತಿದ್ದಳು. ಹಿಂಬದಿಯ ರಂಗ ಮಹಲಿನಲ್ಲಿ ಅವಳ ವಾಸ. ಮುಂಭಾಗಕ್ಕೆ ಬಂದು ಗಂಡ ಕಟ್ಟಿಸಿದ ಮಹಲನ್ನು ನೋಡುವಂತಿರಲಿಲ್ಲ. ಅದಕ್ಕೇ ಅವನು ಅದರ ಪ್ರತಿರೂಪವನ್ನು ಅವಳ ತೋಟದಲ್ಲೇ ನಿಲ್ಲಿಸಿದ. ವಿಲಿಯಂ ಡಾಲ್ರಿಂಪಲ್ ಅವರ ‘ವೈಟ್ ಮೊಘಲ್ಸ್’ 2002ರಲ್ಲಿ ಬಂದ ಮೇಲೆ ಈ ಕಥೆ ದೇಶದೇಶಗಳಿಗೆ ಹಬ್ಬಿತು. ಮಾದರಿಯನ್ನು ಇಟ್ಟ ಸ್ಥಳಕ್ಕೆ ಸರಿಯಾದ ಕಾರಣ ಕೊಡುವುದು ಇದೊಂದೇ, ಅದೇ ಇದರ ಬಲ. ಆದರೆ ಗೋಷಾದಲ್ಲಿದ್ದ ಶ್ರೀಮಂತ ಹೆಂಗಸರು ಪರದೆ ಕಟ್ಟಿದ ಪಲ್ಲಕ್ಕಿ, ಗಾಡಿಗಳಲ್ಲಿ ಓಡಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಖೈರುನ್ನಿಸಾ ಹೈದರಾಬಾದಿನಿಂದ ಕಲಕತ್ತೆಯವರೆಗೆ ಪ್ರಯಾಣ ಮಾಡಿದವಳು. ತನ್ನ ಮನೆಯ ಮುಂಭಾಗವನ್ನು ಒಮ್ಮೆಯೂ ಕಂಡಿರಲಿಲ್ಲ ಎಂಬುದನ್ನು ಹಾಗೇ ನಂಬುವುದು ಕಷ್ಟ.

ಎರಡನೆಯ ವಿವರಣೆಯಂತೆ ಅದು ಮಕ್ಕಳ ಗೊಂಬೆಮನೆ. ದಂಪತಿಗೆ ಇಬ್ಬರು ಮಕ್ಕಳು: ಸಾಹಿಬ್ ಆಲಂ ಮತ್ತು 1802ರಲ್ಲಿ ಹುಟ್ಟಿದ ಸಾಹಿಬ್ ಬೇಗಂ. ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಆ ಹೊತ್ತಿಗೆ ಗೊಂಬೆಮನೆಗಳ ರೂಢಿ ಗಟ್ಟಿಯಾಗಿತ್ತು. ಆದರೆ ತಾರೀಖುಗಳು ಅಡ್ಡ ಬರುತ್ತವೆ. 1805ರಲ್ಲೇ ಇಬ್ಬರೂ ಮಕ್ಕಳನ್ನು ಮದ್ರಾಸಿನಿಂದ ಇಂಗ್ಲೆಂಡಿಗೆ ಹಡಗು ಹತ್ತಿಸಲಾಯಿತು. ಹೊರಡುವ ಮುನ್ನ ಜಾರ್ಜ್ ಚಿನ್ನರಿ ಬರೆದ ಅವರ ಚಿತ್ರ ಇಂದಿಗೂ ಪ್ರಸಿದ್ಧ. ಅದೇ ವರ್ಷ ಅಕ್ಟೋಬರಿನಲ್ಲಿ ಕರ್ಕ್‌ಪ್ಯಾಟ್ರಿಕ್ ಕಲಕತ್ತೆಯಲ್ಲಿ ತೀರಿಕೊಂಡ. ಮಹಲಿನ ಕೆಲಸವೇ ನಡೆಯುತ್ತಿದ್ದ ಆ ಎರಡು ವರ್ಷಗಳಲ್ಲಿ ಅದರ ಗೊಂಬೆರೂಪ ಮುಗಿದು ಮಕ್ಕಳು ಆಡಿರಬಹುದಾದ ದಿನಗಳು ಬಹಳ ಕಡಿಮೆ.

ಮೂರನೆಯದು ಕಟ್ಟುವವರ ವಿವರಣೆ. ಕೊರಿಂಥಿಯನ್ ಕಂಬ, ತ್ರಿಕೋನದ ಮುಖಮಂಟಪಗಳ ಶೈಲಿ ದಖ್ಖನಿನ ಗಾರೆ ಕೆಲಸದವರಿಗೆ ಹೊಸದು. ಕಾಗದದ ನಕ್ಷೆಗಿಂತ ಮುಟ್ಟಿ ನೋಡಬಹುದಾದ ಮಾದರಿ ಅವರಿಗೆ ಹೆಚ್ಚು ಉಪಯುಕ್ತ. ಯುರೋಪಿನಲ್ಲೂ ಕಟ್ಟಡ ಏಳುವ ಮೊದಲು ಮರ, ಸುಣ್ಣಗಾರೆ, ಬೆಂಡಿನಲ್ಲಿ ಮಾದರಿ ಮಾಡುವುದು ವಾಡಿಕೆ. ಲಂಡನ್ನಿನ ಸರ್ ಜಾನ್ ಸೋನ್ ಸಂಗ್ರಹಾಲಯದಲ್ಲಿ ಅಂಥವು ರಾಶಿಯಾಗಿವೆ. ಇದು ತರ್ಕಕ್ಕೆ ಒಪ್ಪುವ ಮಾತು. ಆದರೆ ಕೆಲಸಗಾರರ ಕರಡನ್ನು ಜನಾನಾ ತೋಟದಲ್ಲಿ ಯಾಕೆ ಇಟ್ಟರು ಎಂಬುದಕ್ಕೆ ಈ ವಾದದಲ್ಲಿ ಉತ್ತರವಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಈ ಮೂರರಲ್ಲಿ ಒಂದನ್ನೇ ಆರಿಸಬೇಕೆಂಬ ಹಟ ಬೇಕಿಲ್ಲ. ಕರಡಾಗಿ ಹುಟ್ಟಿದ್ದು ಕಾಣಿಕೆಯಾಗಬಹುದು, ಕಾಣಿಕೆ ಆಟಿಕೆಯಾಗಬಹುದು. 1860ರ ಸುಮಾರಿಗೆ ಮುಂದಿನ ರೆಸಿಡೆಂಟರ ಕಾಲದಲ್ಲಿ ರಂಗ ಮಹಲನ್ನು ಕೆಡವಿದರು. ಖೈರುನ್ನಿಸಾ ಬಾಳಿದ ಮನೆ ಹೋಯಿತು, ಅವಳು ಬಾಳದ ಮನೆಯ ಸಣ್ಣ ರೂಪ ಉಳಿಯಿತು. 1980ರ ದಶಕದಲ್ಲಿ ಮರ ಬಿದ್ದು ಅದರ ಒಂದು ಪಾರ್ಶ್ವವೂ ಮುರಿಯಿತು.

ಸ್ಟಾಫರ್ಡ್‌ಶೈರಿನಿಂದ ಗೋಡೆಯ ಮೇಲಿನ ಅಂಗಡಿಗೆ

ಇಂಗ್ಲೆಂಡಿನಲ್ಲಿ ಮಣ್ಣಿನ ಮನೆಗಳ ಹುಚ್ಚು ಹಿಡಿದದ್ದು ಉಪಯೋಗದ ನೆಪದಲ್ಲಿ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸ್ಟಾಫರ್ಡ್‌ಶೈರಿನ ಕುಂಬಾರರು ಪುಟ್ಟ ಕಾಟೇಜುಗಳನ್ನು ಮಾಡುತ್ತಿದ್ದರು. ಒಳಗೆ ಸುಗಂಧದ ಬಿಲ್ಲೆ ಇಟ್ಟು ಹಚ್ಚಿದರೆ ಚಿಮಣಿಯಿಂದ ಹೊಗೆ ಬರುತ್ತಿತ್ತು. ಮುಂದೆ ಇದೇ ಕುಂಬಾರರು ಸುದ್ದಿಯ ಬೆನ್ನು ಹತ್ತಿದರು. 1848ರಲ್ಲಿ ಸ್ಟಾನ್‌ಫೀಲ್ಡ್ ಹಾಲ್ ಎಂಬ ಮನೆಯಲ್ಲಿ ನಡೆದ ಕೊಲೆ ದೇಶವನ್ನೇ ಕಂಗೆಡಿಸಿತು. ಆ ಮನೆಯ ಮಾದರಿ ಮಾತ್ರವಲ್ಲ, ಕೊಲೆಗಾರ ವಾಸವಿದ್ದ ಪೊಟ್ಯಾಶ್ ಫಾರ್ಮಿನ ಮಾದರಿಯೂ ಮಾರುಕಟ್ಟೆಗೆ ಬಂತು. ಕಿರುಮಾದರಿ ಎಂದರೆ ಹಳೆಯ ಸುಖದ ದಿನಗಳ ಹಂಬಲ ಎಂದು ಸುಲಭವಾಗಿ ಹೇಳುವವರಿಗೆ ಕೊಲೆಮನೆಯ ಈ ಜನಪ್ರಿಯತೆ ತೊಡಕಿನ ಸಾಕ್ಷಿ.

1893ರಿಂದ ಗಾಸ್ ಕಂಪನಿ ಷೇಕ್ಸ್‌ಪಿಯರ್ ಹುಟ್ಟಿದ ಮನೆ, ಕವಿ ಬರ್ನ್ಸ್ ಮನೆ ಮುಂತಾದವನ್ನು ಪಿಂಗಾಣಿಯಲ್ಲಿ ತಂದಿತು. ರೈಲು ಹತ್ತಿ ಪ್ರವಾಸ ಹೋಗುವ ಮಧ್ಯಮವರ್ಗಕ್ಕೆ ಕೈಯಲ್ಲಿ ಹಿಡಿದು ತರುವಂಥದ್ದೊಂದು ಬೇಕಿತ್ತು. 1970ರ ದಶಕದ ಕೊನೆಗೆ ಡೇವಿಡ್ ವಿಂಟರ್ ಕಾಟೇಜುಗಳು, 1982ರಲ್ಲಿ ಪೆನ್ರಿತ್ ಊರಿನಲ್ಲಿ ಡೇವಿಡ್ ಟೇಟ್ ಶುರುಮಾಡಿದ ಲಿಲಿಪುಟ್ ಲೇನ್ ಬಂದವು. ಇವು ಪಿಂಗಾಣಿಯಲ್ಲ, ಜಿಪ್ಸಂ ಅಚ್ಚಿನವು. ಸಂಗ್ರಹಕಾರರಲ್ಲಿ ಇಂದಿಗೂ ಈ ಭೇದದ ಬಗ್ಗೆ ಬಿಸಿ ಚರ್ಚೆ ನಡೆಯುತ್ತದೆ. ಹೇಜಲ್ ಬಾಯ್ಲ್ಸ್ 1990ರ ದಶಕದಲ್ಲಿ ಬೆಳೆಸಿದ ‘ಎ ನೇಷನ್ ಆಫ್ ಶಾಪ್‌ಕೀಪರ್ಸ್’ ಸರಣಿ ಮಾತ್ರ ಅಪ್ಪಟ ಮಣ್ಣಿನದು. ಇಂಗ್ಲೆಂಡಿನ ಪೇಟೆಬೀದಿಗಳ ನಿಜವಾದ ಹಳೆಯ ಅಂಗಡಿಗಳ ಮುಂಭಾಗಗಳು ಇದರ ವಸ್ತು. ಹೆಸರು ಆಡಂ ಸ್ಮಿತ್ 1776ರಲ್ಲಿ ಬಳಸಿದ ಮಾತಿನದು.

ಇಂಥ ಕೆಲಸ ನೋಡಿದಷ್ಟು ಸುಲಭವಲ್ಲ. ನೀರಾದ ಜೇಡಿಯನ್ನು ಪ್ಲಾಸ್ಟರ್ ಅಚ್ಚಿಗೆ ಹೊಯ್ದರೆ ಅಚ್ಚು ನೀರನ್ನು ಹೀರಿಕೊಂಡು ಗೋಡೆ ಕಟ್ಟುತ್ತದೆ. ಬಿಡಿಸಿ, ಅಂಚು ಸವರಿ, ಒಣಗಿಸಿ, ಗೂಡಿನಲ್ಲಿ ಸುಡಬೇಕು. ಆಮೇಲೆ ಇಟ್ಟಿಗೆಯ ಸಾಲು, ಕಿಟಕಿಯೊಳಗಿನ ಬ್ರೆಡ್ಡು, ಬಾಗಿಲ ಮೇಲಿನ ಹೆಸರುಫಲಕ ಎಲ್ಲವನ್ನೂ ಸಣ್ಣ ಕುಂಚದಿಂದ ಬರೆದು ಮತ್ತೆ ಸುಡಬೇಕು. ಸುಡುವಾಗ ಮಣ್ಣು ಕುಗ್ಗುವುದರಿಂದ ಎಷ್ಟು ಕುಗ್ಗುತ್ತದೆಂಬ ಲೆಕ್ಕ ಮೊದಲೇ ಇಟ್ಟುಕೊಂಡಿರಬೇಕು. ಒಂದೇ ಅಚ್ಚಿನ ಎರಡು ಅಂಗಡಿಗಳಲ್ಲಿ ಕೈಕೆಲಸದ ವ್ಯತ್ಯಾಸ ಕಂಡೇ ಕಾಣುತ್ತದೆ. ಕೊಳ್ಳುವವರು ಹುಡುಕುವುದೂ ಅದನ್ನೇ.

ಚಿಕ್ಕದಾದಾಗ ಏನಾಗುತ್ತದೆ?

ಇಪ್ಪತ್ತನೇ ಶತಮಾನದ ಚಿಂತಕರು ಇದಕ್ಕೆ ಎರಡು ಬಲವಾದ ಉತ್ತರ ಕೊಟ್ಟರು. ಕ್ಲಾಡ್ ಲೆವಿ-ಸ್ಟ್ರಾಸ್ 1962ರಲ್ಲಿ ಹೇಳಿದ್ದು ಅರಿವಿನ ವಾದ. ದೊಡ್ಡ ವಸ್ತುವನ್ನು ನಾವು ಭಾಗಭಾಗವಾಗಿ ನೋಡುತ್ತ ಇಡಿಯನ್ನು ಕಟ್ಟಿಕೊಳ್ಳುತ್ತೇವೆ. ಕಿರಿದಾಗಿಸಿದಾಗ ಇಡಿ ಮೊದಲು ಸಿಗುತ್ತದೆ, ಭಾಗಗಳು ಆಮೇಲೆ. ಹಾಗಾಗಿ ಅದು ನಮ್ಮ ಹಿಡಿತಕ್ಕೆ ಬಂದಂತೆ ಅನ್ನಿಸುತ್ತದೆ. ನಿಜಾಮರ ಮಂತ್ರಿ ಕೊಟ್ಟ ಸಲಹೆಯ ಹಿಂದಿದ್ದದ್ದು ಇದೇ ತಿಳಿವಳಿಕೆ. ಸೂಸನ್ ಸ್ಟೂವರ್ಟ್ 1984ರ ‘ಆನ್ ಲಾಂಗಿಂಗ್’ ಪುಸ್ತಕದಲ್ಲಿ ಮುಂದಿಟ್ಟದ್ದು ಹಂಬಲದ ವಾದ. ಕಿರುಮಾದರಿ ಕಾಲವನ್ನು ನಿಲ್ಲಿಸುತ್ತದೆ, ಬೆವರು, ಗಲಾಟೆ, ಮುಪ್ಪುಗಳಿಲ್ಲದ ಒಳಲೋಕವನ್ನು ಕೊಡುತ್ತದೆ, ಎಂದೂ ಹಾಗೆ ಇರದಿದ್ದ ಗತವನ್ನು ನಮ್ಮ ಸ್ವಂತದ್ದಾಗಿಸುತ್ತದೆ. ಪಿಂಗಾಣಿ ಬೇಕರಿಯಲ್ಲಿ ಬ್ರೆಡ್ಡು ಇದೆ, ನಡುರಾತ್ರಿ ಎದ್ದು ಹಿಟ್ಟು ನಾದಿದ ಹುಡುಗನಿಲ್ಲ. ಅವಳ ವಾದದ ಸಾರ ಈ ಗೈರುಹಾಜರಿಯಲ್ಲಿದೆ.

ಎರಡೂ ವಾದಗಳು ಯುರೋಪಿನ ಬೈಠಕಖಾನೆಯ ವಸ್ತುಗಳಿಗೆ ಚೆನ್ನಾಗಿ ಹೊಂದುತ್ತವೆ. ನಮ್ಮ ಕಡೆಯ ಉದಾಹರಣೆಗಳನ್ನು ತಂದರೆ ಮೂರನೆಯ ದಾರಿಯೊಂದು ತೆರೆದುಕೊಳ್ಳುತ್ತದೆ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ದೇಗುಲದ ಗೋಡೆಗಳನ್ನು ನೋಡಿ. ಕಂಬಗಳ ನಡುವೆ ಪುಟ್ಟಪುಟ್ಟ ಗುಡಿಗಳು, ಅವುಗಳಿಗೆ ಪುಟ್ಟ ಶಿಖರಗಳು. ಆಡಂ ಹಾರ್ಡಿಯಂಥ ವಿದ್ವಾಂಸರು ಕರ್ಣಾಟ ದ್ರಾವಿಡ ದೇಗುಲವೆಂದರೆ ಕಿರುಗುಡಿಗಳಿಂದಲೇ ಕೂಡಿಸಿ ಕಟ್ಟಿದ ರಚನೆ ಎಂದು ವಿವರಿಸಿದ್ದಾರೆ. ಇಲ್ಲಿ ಕಿರುಮಾದರಿ ಗತದ ಹಂಬಲವಲ್ಲ, ಮೂಲದ ನಕಲೂ ಅಲ್ಲ. ಅದು ದೊಡ್ಡ ಕಟ್ಟಡ ಹುಟ್ಟುವ ಬಗೆ. ಹಾಗೆಯೇ ಮೊಹರಮ್ಮಿನಲ್ಲಿ ಬಿದಿರು, ಬಣ್ಣದ ಕಾಗದಗಳಿಂದ ಕಟ್ಟುವ ತಾಬೂತು. ಕರ್ಬಲಾದಲ್ಲಿರುವ ಗೋರಿಯ ಕಿರುರೂಪವದು. ಅಲ್ಲಿಗೆ ಹೋಗಲಾಗದವರಿಗೆ ಅದೇ ದರ್ಶನ. ಅದನ್ನು ಕಪಾಟಿನಲ್ಲಿ ಕಾಪಾಡುವುದಿಲ್ಲ, ಹಬ್ಬದ ಕೊನೆಗೆ ವಿಸರ್ಜಿಸುತ್ತಾರೆ. ದೂರದ್ದನ್ನು ಹತ್ತಿರ ತರುವುದೇ ಇದರ ಕೆಲಸ. ಕೋಠಿಯ ಪ್ರೇಮಕಥೆಯನ್ನು ಹೈದರಾಬಾದಿನ ಜನ ಅಷ್ಟು ಬೇಗ ನಂಬಿದ್ದರ ಹಿಂದೆ ಈ ಪರಿಚಿತ ತರ್ಕ ಇದ್ದಿರಬೇಕು: ನೋಡಲು ಹೋಗಲಾಗದವಳ ಬಳಿಗೆ ಕಟ್ಟಡವೇ ಬಂತು.

ಮೆಟ್ಟಿಲ ಮೇಲಿನ ಶೆಟ್ಟರ ಅಂಗಡಿ

ಬ್ರಿಟನ್ನಿನ ಪಿಂಗಾಣಿ ಅಂಗಡಿಗಳನ್ನು ಕಂಡು ಬೆರಗಾಗುವ ಕನ್ನಡಿಗರಿಗೆ ತಮ್ಮ ಮನೆಯಲ್ಲೇ ಒಂದು ಅಂಗಡಿ ಇರುವುದು ಥಟ್ಟನೆ ನೆನಪಾಗುವುದಿಲ್ಲ. ದಸರೆಯ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಕೆಳಗೆ ಶೆಟ್ಟಿ, ಶೆಟ್ಟಿತಿ ಕೂರುತ್ತಾರೆ. ಮುಂದೆ ಅಕ್ಕಿ, ಬೇಳೆ, ಬೆಲ್ಲ, ತಕ್ಕಡಿ. ಈ ಅಂಗಡಿಯಲ್ಲಿ ಕಟ್ಟಡವೇ ಇಲ್ಲ, ವ್ಯಾಪಾರಿ ಇದ್ದಾನೆ. ಇಂಗ್ಲೆಂಡಿನದರಲ್ಲಿ ಕಟ್ಟಡವಿದೆ, ವ್ಯಾಪಾರಿ ಇಲ್ಲ. ಈ ವ್ಯತ್ಯಾಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ಅಂಗಡಿಯೆಂದರೆ ಕೂತವರು ಮತ್ತು ಸರಕು. ಮೇಲಿನ ಸೂರು ಯಾವುದಾದರೂ ನಡೆಯುತ್ತದೆ. ಅದಕ್ಕೇ ಇರಬೇಕು, ಸೂರು ಕೆಡವುವಾಗ ನಮಗೆ ಏನೋ ಹೋಯಿತು ಅನ್ನಿಸುವುದೂ ತಡ. ಗೊಂಬೆ ಹಬ್ಬದಲ್ಲಿ ಸಂಗ್ರಹಕಾರರ ಪೈಪೋಟಿ ಇಲ್ಲವೆಂದಲ್ಲ. ಆದರೆ ಅಲ್ಲಿನ ಅಕ್ಕಿಬೇಳೆ ನಿಜವಾದದ್ದು, ಹಬ್ಬ ಮುಗಿದ ಮೇಲೆ ಅಡುಗೆಗೆ ಹೋಗುತ್ತದೆ.

ಹೈದರಾಬಾದಿನ ಸಂಗ್ರಹದ ಪರಂಪರೆಗೆ ಇನ್ನೊಂದು ಮುಖ ಸಾಲಾರ್ ಜಂಗ್ ಮ್ಯೂಸಿಯಂ. ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ 1949ರಲ್ಲಿ ತೀರಿಕೊಂಡರು. ಅವರು ಕೂಡಿಟ್ಟದ್ದನ್ನು 1951ರ ಡಿಸೆಂಬರ್ 16ರಂದು ನೆಹರೂ ಸಾರ್ವಜನಿಕರಿಗೆ ತೆರೆದರು. ಫ್ರಾನ್ಸಿನ ಸೆವ್ರ್, ಜರ್ಮನಿಯ ಡ್ರೆಸ್ಡೆನ್, ಇಂಗ್ಲೆಂಡಿನ ವೆಜ್‌ವುಡ್ ಪಿಂಗಾಣಿಗಳೂ ಆಟಿಕೆಗಳೂ ಅಲ್ಲಿವೆ. ಕೊಪ್ಪಳ ಇದೇ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗಳಿಗೆ ಕೈಯಿಂದ ಬಣ್ಣ ಬಳಿಯುತ್ತಲೇ ಬಂದಿದ್ದಾರೆ. ಯುರೋಪಿನ ಪಿಂಗಾಣಿ ಇಷ್ಟು ದೂರ ಬಂತು, ಜಹಗೀರಿನ ಊರಿನ ಕೈಗಳು ಕಟ್ಟಡಗಳನ್ನು ಯಾಕೆ ಮಾಡಲಿಲ್ಲ, ದೇವರು, ಪ್ರಾಣಿ, ಮನುಷ್ಯರನ್ನೇ ಯಾಕೆ ಮಾಡುತ್ತ ಉಳಿದವು ಎಂಬುದನ್ನು ಯಾರಾದರೂ ಕೂತು ಬರೆಯಬೇಕು.

ಬೆಲೆಯ ವಾದ

ಈ ವಿಷಯದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಸೀಮಿತ ಸಂಖ್ಯೆ, ಪ್ರಮಾಣಪತ್ರ, ಸದಸ್ಯರಿಗಷ್ಟೇ ಸಿಗುವ ತುಣುಕು ಇವುಗಳಿಂದ ಸಂಗ್ರಹದ ಆಸೆಯನ್ನು ಮಾರುಕಟ್ಟೆಯೇ ಸೃಷ್ಟಿಸುತ್ತದೆ ಎನ್ನುವವರಿದ್ದಾರೆ. ಡಚ್ ವಿಮಾನ ಸಂಸ್ಥೆ ಕೆಎಲ್‌ಎಂ 1952ರಿಂದ ದುಬಾರಿ ದರ್ಜೆಯ ಪ್ರಯಾಣಿಕರಿಗೆ ಮದ್ಯ ತುಂಬಿದ ನೀಲಿ ಪಿಂಗಾಣಿ ಮನೆಗಳನ್ನು ಕೊಡುತ್ತ ಬಂದಿದೆ, ತನ್ನ ಹುಟ್ಟುಹಬ್ಬವಾದ ಅಕ್ಟೋಬರ್ 7ರಂದು ಹೊಸದೊಂದನ್ನು ಸೇರಿಸುತ್ತದೆ. ಇಂಗ್ಲೆಂಡಿನಲ್ಲಿ ಅಂತರಜಾಲದ ಹರಾಜು ಬಂದ ಮೇಲೆ, ಅಪರೂಪವೆಂದು ಕೊಂಡದ್ದು ಎಲ್ಲರ ಅಟ್ಟದಲ್ಲೂ ಇದೆಯೆಂದು ತಿಳಿದು ಬೆಲೆ ಇಳಿಯಿತು. ಲಿಲಿಪುಟ್ ಲೇನ್ 2016ರಲ್ಲಿ ಉತ್ಪಾದನೆ ನಿಲ್ಲಿಸಿತು. ಹೂಡಿಕೆಯೆಂದು ಕೊಂಡವರು ಸೋತರು. ಆದರೂ ಬೆಲೆ ಬಿದ್ದ ಮೇಲೂ ಜನ ಮಾರದೆ ಇಟ್ಟುಕೊಂಡಿದ್ದಾರೆ. ಇದನ್ನು ಮಾರುಕಟ್ಟೆಯ ವಾದ ವಿವರಿಸಲಾರದು.

ದಾಖಲೆಯೋ, ಸಮಾಧಾನವೋ?

ಸಂಗ್ರಹಕಾರರು ತಮ್ಮ ಪರವಾಗಿ ಹೇಳುವ ಅತ್ಯಂತ ಗಂಭೀರವಾದ ಮಾತು ದಾಖಲೆಯದು. ಬೀದಿಯ ಅಂಗಡಿ ಮುಚ್ಚಿ ಸರಪಳಿ ಮಳಿಗೆ ಬಂದಿದೆ, ಆದರೆ ಅದರ ಬಣ್ಣ, ಫಲಕ, ಕಿಟಕಿಯ ಅಂದ ಮಣ್ಣಿನಲ್ಲಿ ಉಳಿದಿದೆ ಎನ್ನುತ್ತಾರೆ. ಹೈದರಾಬಾದಿನಲ್ಲಿ ನಿಂತು ಯೋಚಿಸಿದರೆ ಈ ಮಾತಿನ ತೂಕ ತಿಳಿಯುತ್ತದೆ. ಇಲ್ಲಿನ ಸ್ಮರಣಿಕೆಯ ಅಂಗಡಿಗಳಲ್ಲಿ 1591ರ ಚಾರ್‌ಮಿನಾರ್ ಬಿಟ್ಟರೆ ಬೇರೆ ಕಟ್ಟಡವೇ ಇಲ್ಲವೇನೋ ಎನ್ನಿಸುತ್ತದೆ. ಬಿದರಿಯಲ್ಲಿ ಚಾರ್‌ಮಿನಾರ್, ಕರೀಂನಗರದ ಬೆಳ್ಳಿ ತಂತಿಯ ಕೆಲಸದಲ್ಲಿ ಚಾರ್‌ಮಿನಾರ್, ಪ್ಲಾಸ್ಟಿಕ್ಕಿನಲ್ಲೂ ಅದೇ.

ಹಾಗಿದ್ದರೆ ಅಂಗಡಿಗಳು? ರೆಸಿಡೆನ್ಸಿಯ ಆಸರೆಯಲ್ಲಿ, ಬ್ರಿಟಿಷ್ ಆಡಳಿತದ ಕೆಳಗೆ ಬೆಳೆದು 1933ರಲ್ಲಿ ನಿಜಾಮರಿಗೆ ಮರಳಿದ ರೆಸಿಡೆನ್ಸಿ ಬಜಾರೇ ಇಂದಿನ ಸುಲ್ತಾನ್ ಬಜಾರ್. ಕಾಚಿಗುಡದ ಕನ್ನಡ ಮನೆಗಳಿಗೆ ಸೀರೆ, ಪಾತ್ರೆಗೆ ಅದೇ ಪೇಟೆ. ಮೆಟ್ರೊ ಮಾರ್ಗ ಅದರ ನಡುವೆ ಹಾದುಹೋಗುವಾಗ ವ್ಯಾಪಾರಿಗಳು ವರ್ಷಗಟ್ಟಲೆ ವಿರೋಧಿಸಿದರು. ಆರನೇ ನಿಜಾಮರ ಆಪ್ತ ಸೇವಕನಾಗಿದ್ದ ಆಲ್ಬರ್ಟ್ ಅಬೀದನ ಅಂಗಡಿ ಇಂದು ಇಲ್ಲ, ಅಬಿಡ್ಸ್ ಎಂಬ ಹೆಸರಷ್ಟೇ ಇದೆ. 1908ರ ಮೂಸಿ ಪ್ರವಾಹದ ನಂತರ ನಗರ ಸುಧಾರಣಾ ಮಂಡಳಿ ಕಟ್ಟಿಸಿದ ಪತ್ಥರ್‌ಗಟ್ಟಿಯ ಕಲ್ಲಿನ ಕಮಾನುಸಾಲು ಫಲಕಗಳ ಹಿಂದೆ ಅಡಗಿದೆ. 1935ರ ಮೊಅಜ್ಜಂ ಜಾಹಿ ಮಾರುಕಟ್ಟೆಗೆ ಮಾತ್ರ ಈಚೆಗೆ ಒಳ್ಳೆಯ ದುರಸ್ತಿಯ ಭಾಗ್ಯ ಬಂತು. ಇರಾನಿ ಚಹಾದಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಇವುಗಳ ಮೂಲೆಬಾಗಿಲು, ಬಾಗಿದ ಮರದ ಕುರ್ಚಿ, ಅಮೃತಶಿಲೆಯ ಮೇಜು, ಉರ್ದು, ತೆಲುಗು, ಇಂಗ್ಲಿಷ್ ಫಲಕಗಳನ್ನು ಒಬ್ಬ ಒಳ್ಳೆಯ ಕುಂಬಾರ ಮಣ್ಣಿನಲ್ಲಿ ಹಿಡಿದಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನಾನು ನಿಜವಾಗಿ ಆಸೆಪಡುತ್ತೇನೆ.

ಸಂರಕ್ಷಣೆಯ ಪಕ್ಷದವರು ಇದಕ್ಕೆ ತಕರಾರು ಎತ್ತುತ್ತಾರೆ. ಕಿರುಮಾದರಿ ಸಿಕ್ಕಿತೆಂಬ ಸಮಾಧಾನದಲ್ಲಿ ಮೂಲವನ್ನು ಕೆಡವುವುದು ಸುಲಭವಾಗುತ್ತದೆ, ಮೇಲಾಗಿ ಮಣ್ಣಿನ ಮುಂಭಾಗದಲ್ಲಿ ಬಾಡಿಗೆದಾರನ ಹಕ್ಕು, ಹಿಂಬದಿಯ ಅಡುಗೆಮನೆ, ಕೆಲಸದವರ ಜೀವನ ಯಾವುದೂ ಬರುವುದಿಲ್ಲ ಎಂಬುದು ಅವರ ಮಾತು. ಎರಡನೆಯ ಆಕ್ಷೇಪ ಸರಿಯೇ. ಮೊದಲನೆಯದಕ್ಕೆ ಕೋಠಿಯೇ ವಿರುದ್ಧ ಸಾಕ್ಷ್ಯ ಹೇಳುತ್ತದೆ. 1949ರಿಂದ ಹೆಣ್ಣುಮಕ್ಕಳ ಕಾಲೇಜಾಗಿ ಬಳಕೆಯಾಗಿ, ಸೋರುತ್ತ ಕುಸಿಯುತ್ತಿದ್ದ ರೆಸಿಡೆನ್ಸಿಯನ್ನು ವಿಶ್ವ ಸ್ಮಾರಕ ನಿಧಿ 2002ರಲ್ಲಿ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ನಂತರ ದುರಸ್ತಿ ನಡೆಯಿತು. ಜನರ ಕುತೂಹಲವನ್ನು ಆ ಕಟ್ಟಡದ ಕಡೆ ಎಳೆದ ಸಂಗತಿಗಳಲ್ಲಿ ತೋಟದ ಪುಟ್ಟ ಮಾದರಿಯ ಕಥೆಯೂ ಒಂದು.

ತೀರ್ಮಾನವಾಗದೆ ಉಳಿದದ್ದು

ಕೋಠಿಯ ಮಾದರಿಯನ್ನು ಯಾರಿಗಾಗಿ ಮಾಡಿದರೆಂಬುದು ಮೊದಲ ಪ್ರಶ್ನೆ. ಅದರ ಗಾರೆಯನ್ನು ಮಹಲಿನ ಗಾರೆಯ ಜೊತೆ ಹೋಲಿಸಿ ಪರೀಕ್ಷಿಸಿದರೆ, ಮಾದರಿ ಮಹಲಿಗಿಂತ ಮೊದಲಿನದೋ ನಂತರದ್ದೋ ಎಂಬ ಸುಳಿವು ಸಿಗಬಹುದು. ಮೊದಲಿನದಾದರೆ ಕರಡಿನ ವಾದ ಗಟ್ಟಿಯಾಗುತ್ತದೆ. 1805ರ ನಂತರದ್ದಾದರೆ ಮೂರೂ ಕಥೆಗಳು ಬೀಳುತ್ತವೆ, ಆಗ ಮುಂದಿನ ರೆಸಿಡೆಂಟರ ಕಡತಗಳನ್ನು ಹುಡುಕಬೇಕಾಗುತ್ತದೆ.

ಮುರಿದ ಮಾದರಿಯನ್ನು ಪೂರ್ತಿ ಮರಳಿ ಕಟ್ಟಬೇಕೇ, ಇದ್ದಷ್ಟನ್ನು ಕಾಪಾಡಬೇಕೇ ಎಂಬುದರಲ್ಲೂ ಸಂರಕ್ಷಕರಲ್ಲಿ ಎರಡು ಮನಸ್ಸಿದೆ. ಮೂಲ ಕಟ್ಟಡವನ್ನು ನೋಡಿಯೇ ಪ್ರತಿರೂಪವನ್ನು ತುಂಬಬಹುದು ನಿಜ. ಆದರೆ ಎರಡು ಶತಮಾನಗಳಲ್ಲಿ ಮೂಲವೂ ಬದಲಾಗಿರುವುದರಿಂದ, 1805ರ ರೂಪಕ್ಕೆ ಇವೆರಡರಲ್ಲಿ ಯಾವುದು ಹೆಚ್ಚು ನಿಷ್ಠ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು.

ಪಿಂಗಾಣಿ ಅಂಗಡಿಗಳ ವಿಷಯದಲ್ಲಿ ಉಳಿದಿರುವ ಪ್ರಶ್ನೆ ವರ್ಷದ್ದು. ನೂರು ವರ್ಷ ನಡೆದ ಅಂಗಡಿಯನ್ನು ಯಾವ ವರ್ಷದ ರೂಪದಲ್ಲಿ ಮಾಡಬೇಕು? ಸುಲ್ತಾನ್ ಬಜಾರಿನ ಅಂಗಡಿಯೊಂದನ್ನು 1932ರ ಫಲಕದೊಂದಿಗೆ ಮಾಡಿದರೆ ಅದು ಬ್ರಿಟಿಷ್ ಆಡಳಿತದ ಅಂಗಡಿ, 1934ರದಾದರೆ ನಿಜಾಮರದು, 1957ರದಾದರೆ ಆಂಧ್ರಪ್ರದೇಶದ್ದು. ಕಲಬುರಗಿ, ಬೀದರ, ರಾಯಚೂರಿನಿಂದ ಸರಕು ಕೊಳ್ಳಲು ಬರುತ್ತಿದ್ದವರಿಗೆ 1956ರ ಮೊದಲು ಅದು ತಮ್ಮದೇ ರಾಜಧಾನಿಯ ಅಂಗಡಿ. ಫಲಕದ ಮೇಲೆ ಯಾವ ಲಿಪಿ ಬರೆಯಬೇಕೆಂದು ಕುಂಚ ಹಿಡಿದವರು ನಿರ್ಧರಿಸಲೇಬೇಕು. ಆ ಆಯ್ಕೆಗೆ ಒಪ್ಪುವ ಆಧಾರ ಯಾವುದೆಂಬುದರ ಬಗ್ಗೆ ಅರಿವಿನ ವಾದವಾಗಲಿ, ಹಂಬಲದ ವಾದವಾಗಲಿ, ದಾಖಲೆಯ ವಾದವಾಗಲಿ ಇನ್ನೂ ಏನನ್ನೂ ಹೇಳಿಲ್ಲ.